ಛತ್ರಿಗಳ ಸಾಲಿನಲ್ಲಿ ಒಂದು ಮಧ್ಯಾಹ್ನ

ಹೋದ ವಾರ ಫ್ಯಾಕ್ಟರಿಯ ಗೇಟಿನ ಪಕ್ಕದಲ್ಲಿ ವಾಚ್‌ಮನ್ ತರಗೆಲೆ ಗುಡ್ಡೆ ಮಾಡಿ ಬೆಂಕಿ ಹಾಕಿ, ಕೆಂಡದೊಳಗೆ ನಾಲ್ಕು ಗೆಣಸು ಹೂತಿದ್ದ. ಎರಡನೇ ಶಿಫ್ಟಿಗೆ ಹೋಗುತ್ತಿದ್ದ ನಾನು ವಾಸನೆಗೆ ನಿಂತೆ. “ತಕ್ಕಳಿ ಸಾ, ಬಿಸಿ ಐತೆ” ಎಂದು ಒಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಕೊಣನೂರು ಕಡೆಯ ಬೇಸಾಯದ ಮನೆಯಲ್ಲಿ ಹುಟ್ಟಿದವನಿಗೆ ಸುಟ್ಟ ಗೆಣಸಿನ ವಾಸನೆಯಿಂದ ಅವ್ವನ ಒಲೆ ನೆನಪಾಗಬೇಕು. ನನಗೆ ನೆನಪಾದದ್ದು ಚೀನಾದ ಒಂದು ಪಾರ್ಕು. ಅದರ ಬಾಗಿಲಲ್ಲಿ ಒಬ್ಬ ಹೆಂಗಸು ಕಬ್ಬಿಣದ ಡ್ರಮ್ಮಿನೊಳಗೆ ಕೆಂಡ ತುಂಬಿಕೊಂಡು ಗೆಣಸು ಸುಡುತ್ತಿದ್ದಳು.

ಅದು ಮೂರು ವರ್ಷದ ಹಿಂದಿನ ಮಾತು. ಹೊಳೆನರಸೀಪುರದಲ್ಲಿ ಐಟಿಐ ಮುಗಿಸಿದ ಮೇಲೆ ನಾನು ಹಾಸನದ ಈ ಬಟ್ಟೆ ಫ್ಯಾಕ್ಟರಿಗೆ ಸೇರಿ ಆಗಲೇ ಹತ್ತು ವರ್ಷ ದಾಟಿತ್ತು. ಮಷಿನ್ ಮೆಕ್ಯಾನಿಕ್ ಕೆಲಸ. ಆ ವರ್ಷ ಫ್ಯಾಕ್ಟರಿಯವರು ಸ್ವೆಟರ್ ಹೆಣೆಯುವ ಹೊಸ ಮಷಿನ್‌ಗಳನ್ನು ಚೀನಾದಿಂದ ತರಿಸುವುದೆಂದು ನಿರ್ಧರಿಸಿ, ಅವುಗಳ ರಿಪೇರಿ ಕಲಿತು ಬರಲು ನನ್ನನ್ನು ಎರಡು ತಿಂಗಳು ಅಲ್ಲಿಗೆ ಕಳಿಸಿದರು. ಶಾಂಘೈಯಿಂದ ರೈಲಿನಲ್ಲಿ ಎರಡು ಗಂಟೆ ದೂರದ ಊರು. ನಾನು ಹೋದಾಗ ಅಕ್ಟೋಬರ್ ಆರಂಭ. ಬೆಳಿಗ್ಗೆ ಹಾಸನದ ಹಾಗೇ ಮಂಜು, ಹತ್ತು ಗಂಟೆಗೆ ಎಳೆ ಬಿಸಿಲು. ಆರು ದಿನ ಸೂಜಿ, ಕ್ಯಾಮ್, ಸರ್ಕ್ಯೂಟ್ ಬೋರ್ಡು. ಏಳನೆಯ ದಿನ ರಜೆ. ರಜೆಯ ದಿನ ನಾನು ರೂಮಿನಲ್ಲೇ ಬಟ್ಟೆ ಒಗೆದು, ಅನ್ನ ಮಾಡಿಕೊಂಡು, ಮಲಗುತ್ತಿದ್ದೆ.

ಕಂಪನಿಯವರು ನನಗಾಗಿ ನೇಮಿಸಿದ್ದ ದುಭಾಷಿ ಲಿನ್ ಎಂಬ ಹೆಂಗಸು. ಮೂವತ್ತಮೂರು ವರ್ಷ, ದಪ್ಪ ಕನ್ನಡಕ, ನನ್ನ ಹರಕು ಇಂಗ್ಲಿಷಿಗೆ ಎಂದೂ ನಕ್ಕವಳಲ್ಲ. ವಾಪಸು ಹೊರಡಲು ಹತ್ತು ದಿನವಿದ್ದಾಗ ಒಂದು ಭಾನುವಾರ ಅವಳೇ ಫೋನ್ ಮಾಡಿದಳು. “ನೀವು ಈ ಊರನ್ನೇ ನೋಡಿಲ್ಲ. ಹೋಗಿ ಮನೆಯವರಿಗೆ ಏನು ಹೇಳುತ್ತೀರಿ? ಮಧ್ಯಾಹ್ನ ಬನ್ನಿ, ಪಾರ್ಕು ತೋರಿಸುತ್ತೇನೆ” ಎಂದಳು.

ನಮ್ಮ ಕಡೆ ಪಾರ್ಕು ಎಂದರೆ ಬೆಳಿಗ್ಗೆ ಶುಗರ್ ಇರುವವರು ಬಿರುಸಾಗಿ ಸುತ್ತುವ ಜಾಗ. ಮಧ್ಯಾಹ್ನ ಅಲ್ಲಿ ಮರದ ಕೆಳಗೆ ನಾಲ್ಕು ಜನ ಮಲಗಿರುತ್ತಾರೆ. ಲಿನ್ ಕರೆದುಕೊಂಡು ಹೋದ ಪಾರ್ಕಿನಲ್ಲಿ ಮಧ್ಯಾಹ್ನ ಎರಡೂವರೆಗೆ ಸಂತೆಯಷ್ಟು ಜನ. ಮಾರುವವರು ಬಾಗಿಲಲ್ಲೇ ನಿಂತಿದ್ದರು. ಒಳಗೆ ಏನನ್ನೂ ಮಾರುತ್ತಿರಲಿಲ್ಲ. ಜನ ಸುಮ್ಮನೆ ಬಂದಿದ್ದರು. ಅದರಲ್ಲೂ ವಯಸ್ಸಾದವರು. ಮೂವತ್ತು ನಲವತ್ತು ಅಜ್ಜಿಯರು ಒಂದೇ ಬಣ್ಣದ ಶಾಲು ಹಾಕಿ, ಸ್ಪೀಕರ್ ಡಬ್ಬಿಯ ಹಾಡಿಗೆ ಹೆಜ್ಜೆ ಹಾಕುತ್ತಿದ್ದರು. ಅವರಿಂದ ಹತ್ತು ಮಾರು ದೂರದಲ್ಲಿ ಒಬ್ಬ ಗಂಡಸು ಮೈಕು ಹಿಡಿದು ಬೇರೆಯೇ ಹಾಡು ಹೇಳುತ್ತಿದ್ದ. ಶ್ರುತಿ ಎಲ್ಲೋ, ಅವನೆಲ್ಲೋ. ಯಾರೂ ಅವನ ಕಡೆ ತಿರುಗಲಿಲ್ಲ, ಅವನೂ ಯಾರ ಕಡೆಯೂ ನೋಡಲಿಲ್ಲ. ಕಲ್ಲಿನ ಮೇಜಿನ ಮೇಲೆ ಇಬ್ಬರು ಚದುರಂಗದಂಥ ಆಟ ಆಡುತ್ತಿದ್ದರೆ ಹಿಂದೆ ನಿಂತ ಹತ್ತು ಜನ ಅವರಿಗಿಂತ ಹೆಚ್ಚು ಮಾತಾಡುತ್ತಿದ್ದರು. ಪಂಜರದ ಹಕ್ಕಿಗಳನ್ನು ಮನೆಯಿಂದ ತಂದು ಕೊಂಬೆಗೆ ನೇತುಹಾಕಿ, ಕೆಳಗೆ ಕೂತು ಫ್ಲಾಸ್ಕಿನಿಂದ ಟೀ ಕುಡಿಯುತ್ತಿದ್ದವರು ಕೆಲವರು. ಕೊಳದಲ್ಲಿ ತಾವರೆಯ ಎಲೆಗಳು ಒಣಗಿ ಕಂದಾಗಿದ್ದವು.

ಬಯಲಿನಲ್ಲಿ ಛಟೀರ್ ಎಂಬ ಸದ್ದು ಕೇಳಿ ನಾನು ನಿಂತೆ. ಎಪ್ಪತ್ತರ ಆಸುಪಾಸಿನ ಗಂಡಸರು ಚೊಂಬಿನಷ್ಟು ದಪ್ಪದ ಬುಗುರಿಗಳನ್ನು ನೆಲದ ಮೇಲೆ ತಿರುಗಿಸಿ, ಉದ್ದನೆಯ ಚಾಟಿಯಿಂದ ಹೊಡೆದು ಹೊಡೆದು ನಿಲ್ಲದ ಹಾಗೆ ನೋಡಿಕೊಳ್ಳುತ್ತಿದ್ದರು. ಒಬ್ಬ ನನ್ನ ಕೈಗೆ ಚಾಟಿ ಕೊಟ್ಟ. ಬುಗುರಿ ಆಡಿ ಬೆಳೆದವನು ನಾನು. ಆ ಧೈರ್ಯದ ಮೇಲೆ ಬೀಸಿದೆ. ಚಾಟಿ ನನ್ನ ಕಾಲಿಗೇ ಸುತ್ತಿಕೊಂಡಿತು. ಬೆಂಚಿನ ಮೇಲಿದ್ದ ಅಜ್ಜಿಯೊಬ್ಬಳು ನಗುತ್ತಾ ಎದ್ದು ಬಂದು, ಚಾಟಿ ಕಿತ್ತುಕೊಂಡು, ಎರಡೇ ಏಟಿಗೆ ಬುಗುರಿಯನ್ನು ಎಬ್ಬಿಸಿ ನಿಲ್ಲಿಸಿದಳು. ಲಿನ್ ಅಷ್ಟು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅಲ್ಲಿಂದ ಬಿದಿರಿನ ಮೆಳೆ ಬಳಸಿ ಹೋದರೆ ಒಂದು ಉದ್ದನೆಯ ಕಾಲುದಾರಿ. ಅದರ ಎರಡೂ ಬದಿಗೆ ನೂರಾರು ಛತ್ರಿಗಳನ್ನು ಬಿಡಿಸಿ ನೆಲದ ಮೇಲೆ ಇಟ್ಟಿದ್ದರು. ಮಳೆ ಇರಲಿಲ್ಲ. ಪ್ರತಿ ಛತ್ರಿಗೂ ಒಂದೊಂದು ಕಾಗದ ಅಂಟಿಸಿತ್ತು. ಪಕ್ಕದಲ್ಲಿ ಸಣ್ಣ ಮಣೆಯ ಮೇಲೆ ವಯಸ್ಸಾದ ಹೆಂಗಸರು, ಗಂಡಸರು. ಲಿನ್ ನಡಿಗೆ ಜೋರು ಮಾಡಿದಳು.

“ಇದೇನು?” ಎಂದೆ.

“ಮದುವೆಯ ಮೂಲೆ. ಮಕ್ಕಳಿಗೆ ಸಂಬಂಧ ಹುಡುಕುವ ಅಪ್ಪ ಅಮ್ಮಂದಿರು. ಕಾಗದದಲ್ಲಿ ಹುಟ್ಟಿದ ವರ್ಷ, ಎತ್ತರ, ಓದು, ಕೆಲಸ, ಮನೆ ಎಲ್ಲ ಬರೆದಿರುತ್ತಾರೆ. ಬನ್ನಿ ಹೋಗೋಣ.”

ಅಷ್ಟರಲ್ಲಿ ಒಬ್ಬ ಹೆಂಗಸು ಲಿನ್‌ಳ ಮೊಣಕೈ ಹಿಡಿದು ಏನೋ ಕೇಳಿದಳು. ಲಿನ್ ಚುಟುಕಾಗಿ ಉತ್ತರ ಕೊಟ್ಟಳು. ಹೆಂಗಸು ನನ್ನ ಕಡೆ ಬೆರಳು ತೋರಿಸಿ ಇನ್ನೇನೋ ಕೇಳಿದಳು. ನನಗೆ ಮದುವೆಯಾಗಿದೆ ಎಂದು ಲಿನ್ ಹೇಳಿ ಮುಗಿಸುವ ಮೊದಲೇ ಅವಳು ಬೇರೊಬ್ಬರ ಬಳಿ ಹೋಗಿಯಾಗಿತ್ತು. “ನನ್ನ ಅಮ್ಮನೂ ಇಲ್ಲಿ ಒಂದು ವರ್ಷ ನಿಂತಿದ್ದಳು” ಎಂದಳು ಲಿನ್. “ನನಗೆ ಹೇಳದೆ. ಆಮೇಲೆ ಅವಳಿಗೇ ಬೇಸರವಾಗಿ ಬಿಟ್ಟಳು.”

ಸಾಲಿನ ಕೊನೆಯಲ್ಲಿ ಒಬ್ಬ ಮುದುಕರು ಕೂತಿದ್ದರು. ಕಪ್ಪು ಛತ್ರಿ, ಅದಕ್ಕೊಂದು ಬಿಳಿ ಕಾಗದ, ಕಾಲ ಬಳಿ ಗೋಣಿಯಂಥ ಚೀಲ. ಉಳಿದ ಛತ್ರಿಗಳ ಮುಂದೆ ನಾಲ್ಕೈದು ಜನ ಬಗ್ಗಿ ಓದುತ್ತಿದ್ದರು, ಇವರ ಮುಂದೆಯೂ ಬಂದು ಬಗ್ಗುತ್ತಿದ್ದರು. ಆದರೆ ಕಾಗದದ ಮೂರನೆಯದೋ ನಾಲ್ಕನೆಯದೋ ಸಾಲಿಗೆ ಬಂದ ಕೂಡಲೇ ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಂಡು ಮುಂದೆ ಹೋಗುತ್ತಿದ್ದರು. ಹೋಗುವವರಿಗೆ ಅವರು ಚೀಲದಿಂದ ಒಂದು ಕಿತ್ತಳೆ ತೆಗೆದು ಕೊಡುತ್ತಿದ್ದರು. ಕೆಲವರು ಈಸಿಕೊಳ್ಳುತ್ತಿದ್ದರು, ಕೆಲವರು ಇಲ್ಲ.

ಆ ನಾಲ್ಕನೆಯ ಸಾಲಿನಲ್ಲಿ ಏನಿದೆ ಎಂದು ಲಿನ್‌ಳನ್ನು ಕೇಳಿದೆ.

ಅವಳು ಓದಿದಳು. “ಮಗನ ಕೆಲಸ: ಕಿತ್ತಳೆ ತೋಟ. ಸ್ವಂತ ಮನೆ ಇದೆ, ಹಳ್ಳಿಯಲ್ಲಿ.”

ನಾನು ಅಲ್ಲೇ ನಿಂತುಬಿಟ್ಟೆ. ನನ್ನ ಅಣ್ಣ ಸಿದ್ದರಾಜುವಿಗೆ ಆಗ ನಲವತ್ತೆರಡು ವರ್ಷ. ಕೊಣನೂರಿನ ಹತ್ತಿರ ನಮಗೆ ಎರಡೆಕರೆ ಗದ್ದೆ, ಒಂದೆಕರೆ ಹೊಲ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಓದು ಬಿಟ್ಟು ಬೇಸಾಯಕ್ಕೆ ನಿಂತ, ನಾನು ಓದಿದೆ. ಅಣ್ಣನಿಗೆ ಇಪ್ಪತ್ತೆಂಟಾದಾಗಿನಿಂದ ಅವ್ವ ಹೆಣ್ಣು ಹುಡುಕಿದಳು. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರಿಂದ ನಮ್ಮ ಮನೆಯಲ್ಲಿ ಜಾತಕ ನೋಡುವ ಪದ್ಧತಿ ಇರಲಿಲ್ಲ. ಹೊಂದಾಣಿಕೆ ಇಲ್ಲ ಎಂದು ಯಾರೂ ಹೇಳುವ ಹಾಗಿರಲಿಲ್ಲ. ಅಡ್ಡ ಬಂದದ್ದು ಬೇಸಾಯ. ಹುಡುಗ ಏನು ಮಾಡುತ್ತಾನೆ ಎಂಬ ಪ್ರಶ್ನೆಯವರೆಗೆ ಎಲ್ಲವೂ ಚೆನ್ನಾಗಿ ನಡೆಯುತ್ತಿತ್ತು. ಹದಿನಾಲ್ಕು ಮನೆಗೆ ಹೋಗಿ ಬಂದೆವು.

ಹದಿನೈದನೆಯದು ಮಲ್ಲಿಪಟ್ಟಣದ ಮನೆ. ಅವ್ವ, ಅಣ್ಣ, ನಾನು ಹೋಗಿದ್ದೆವು. ಹುಡುಗಿ ಬಂದು ಕಾಫಿ ಕೊಟ್ಟು ಒಳಗೆ ಹೋದಳು. ಹುಡುಗಿಯ ಅಪ್ಪ ಅಣ್ಣನ ಎದುರಿಗೇ ಅವ್ವನಿಗೆ ಹೇಳಿದರು: “ನಿಮ್ ದೊಡ್ ಮಗನ್ ಮ್ಯಾಲೆ ನಂದೇನೂ ತಕರಾರಿಲ್ಲ ಕಣವ್ವ. ಆದ್ರೆ ನನ್ ಮಗ್ಳು ನಮ್ ಮನೇಲಿ ಬಿಸ್ಲಲ್ಲಿ ಕಳೆ ಕಿತ್ತಿದ್ದು ಸಾಕು. ಚಿಕ್ಕೋನು ಕೆಲ್ಸದಲ್ಲವ್ನೆ. ಅವನ್ಗೆ ಅಂದ್ರೆ ಈಗ್ಲೇ ಒಪ್ಗತೀನಿ.”

ಅವ್ವ ಅಣ್ಣನ ಮುಖ ನೋಡಿದಳು. ನಾನು ನೆಲ ನೋಡಿದೆ. ವಾಪಸು ಬರುವಾಗ ಬಸ್ಸಿನಲ್ಲಿ ಅಣ್ಣ ಕಿಟಕಿಯ ಕಡೆ ಮುಖ ಮಾಡಿಕೊಂಡೇ, “ಮಾಡ್ಕಳ್ಳಲಾ. ಒಳ್ಳೆ ಜನ” ಎಂದ. ಮೂರು ತಿಂಗಳಲ್ಲಿ ಆ ಹುಡುಗಿ ಸುಧಾಳ ಜೊತೆ ನನ್ನ ಮದುವೆಯಾಯಿತು. ಚಪ್ಪರಕ್ಕೆ ಗಳ ಹೊತ್ತು ತಂದವನು, ಬಂದವರಿಗೆ ಬಡಿಸಿದವನು ಅಣ್ಣ. ನಾನು ಹಾಸನದಲ್ಲಿ ಮನೆ ಮಾಡಿದೆ, ಮಗಳು ಹುಟ್ಟಿದಳು. ಒಂಬತ್ತು ವರ್ಷ ಅವ್ವ, ಅಣ್ಣ, ನಾನು ಮೂವರೂ ಆ ಮಾತು ಎತ್ತಲಿಲ್ಲ.

ಇದನ್ನೆಲ್ಲ ನಾನು ಆ ಮುದುಕರಿಗೆ ಹೇಳಿದೆ. ಯಾಕೆ ಹೇಳಿದೆನೋ ಗೊತ್ತಿಲ್ಲ. ಅವರು ಮೊದಲು ಕೇಳಿದ್ದು, ನಿಮ್ಮ ದೇಶದಲ್ಲೂ ಹೀಗೆ ಕಾಗದ ಅಂಟಿಸುತ್ತಾರೆಯೇ ಎಂದು. ಇಲ್ಲ, ಆದರೆ ನನ್ನ ಅಣ್ಣನೂ ರೈತ ಎಂದೆ. ಆಮೇಲೆ ಒಂದೊಂದಾಗಿ ಬಂತು. ಕನ್ನಡದಲ್ಲಿ ಯಾರಿಗೂ ಹೇಳದ ಮಾತು ಇಂಗ್ಲಿಷಿನಲ್ಲಿ ಸಲೀಸಾಗಿ ಬರುತ್ತಿತ್ತು. ನನ್ನ ಇಂಗ್ಲಿಷಿನಲ್ಲಿ ಇದ್ದದ್ದೇ ನಾಲ್ಕು ಮಾತು, ಸುತ್ತಿ ಬಳಸಿ ಹೇಳಲು ಆಗುತ್ತಿರಲಿಲ್ಲ. ನಾನು ಒಂದು ವಾಕ್ಯ ಹೇಳುವುದು, ಲಿನ್ ಅದನ್ನು ಚೀನೀ ಭಾಷೆಗೆ ತಿರುಗಿಸುವುದು, ಮುದುಕರು ತಲೆಯಾಡಿಸುವುದು. ಮಧ್ಯೆ ಅವರು ಕಿತ್ತಳೆ ಸುಲಿದು ನನಗೆ ಅರ್ಧ, ಲಿನ್‌ಗೆ ಅರ್ಧ ಕೊಟ್ಟರು. ನಮ್ಮ ಕೊಡಗಿನ ಕಿತ್ತಳೆಗಿಂತ ಚಿಕ್ಕದು. ಹುಳಿ ಕಮ್ಮಿ.

“ನೀವು ಇಲ್ಲಿ ಬಂದು ಕೂರುವುದು ನಿಮ್ಮ ಮಗನಿಗೆ ಗೊತ್ತೇ?” ಎಂದು ಕೇಳಿದೆ.

“ಗೊತ್ತು” ಎಂದರು. “ಈ ಹಣ್ಣು ಕಿತ್ತು ಚೀಲಕ್ಕೆ ಹಾಕಿ, ಬಸ್ಸಿಗೆ ಹತ್ತಿಸುವವನೇ ಅವನು. ಸಂಜೆ ಎಷ್ಟು ಉಳಿಯಿತು ಎಂದು ಕೇಳುತ್ತಾನೆ. ಬೇರೆ ಏನೂ ಕೇಳುವುದಿಲ್ಲ.”

ಲಿನ್ ಇದನ್ನು ಇಂಗ್ಲಿಷಿಗೆ ತಿರುಗಿಸಿ ಸ್ವಲ್ಪ ಹೊತ್ತು ಕೊಳದ ಕಡೆ ನೋಡಿದಳು.

ಮುದುಕರು ನನ್ನನ್ನು ಕೇಳಿದರು: “ಅಣ್ಣನಿಗೆ ನಿನ್ನ ಮೇಲೆ ಸಿಟ್ಟಿದೆಯಾ?”

“ಗೊತ್ತಿಲ್ಲ. ಕೇಳಿಲ್ಲ.”

“ಒಂಬತ್ತು ವರ್ಷದಲ್ಲಿ ಒಂದು ಸಲವೂ?”

“ಇದೆ ಎಂದುಬಿಟ್ಟರೆ ನಾನೇನು ಮಾಡಲಿ?”

“ಅದು ಸರಿ. ನಾನೂ ನನ್ನ ಮಗನನ್ನು ಕೆಲವು ಪ್ರಶ್ನೆ ಕೇಳುವುದಿಲ್ಲ. ಆದರೆ ನಾನು ಅಪ್ಪ. ಕೇಳದಿದ್ದರೂ ಪಕ್ಕದಲ್ಲಿ ಕೂತು ಊಟ ಮಾಡುತ್ತೇನೆ. ನೀನು ಬೇರೆ ಊರಿನಲ್ಲಿರುವ ತಮ್ಮ. ನೀನು ಕೇಳಬೇಕು.”

ಬುದ್ಧಿ ಹೇಳುವ ದನಿ ಅದಾಗಿರಲಿಲ್ಲ. ಗಿಡಕ್ಕೆ ಯಾವಾಗ ಗೊಬ್ಬರ ಹಾಕಬೇಕು ಎಂದು ಹೇಳಿದ ಹಾಗೆ ಹೇಳಿದರು. ಅಷ್ಟರಲ್ಲಿ ಗಂಡ ಹೆಂಡತಿ ಇಬ್ಬರು ಬಂದು ಛತ್ರಿಯ ಮುಂದೆ ಬಗ್ಗಿದರು. ಮುದುಕರು ನಮ್ಮನ್ನು ಬಿಟ್ಟು ಎದ್ದು ನಿಂತು ಅಂಗಿ ಎಳೆದುಕೊಂಡರು. ನಾವು ದೂರ ಸರಿದೆವು. ಆ ದಂಪತಿ ನಾಲ್ಕನೆಯ ಸಾಲು ದಾಟಿ ಕೊನೆಯವರೆಗೂ ಓದಿ, ಏನೋ ಕೇಳಿ, ಕಾಗದದ ಫೋಟೊ ತೆಗೆದುಕೊಂಡು ಹೋದರು. ಅದು ಏನಾಯಿತೋ ನನಗೆ ಗೊತ್ತಾಗಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ನಾವು ಹೊರಗೆ ಬಂದೆವು.

ನಾನು ಹಾಸನಕ್ಕೆ ಮರಳಿದ ವಾರ ಊರಲ್ಲಿ ರಾಗಿ ಕುಯ್ಲು. ಫ್ಯಾಕ್ಟರಿಯಲ್ಲಿ ನಾಲ್ಕು ದಿನ ರಜೆ ಕೊಟ್ಟಿದ್ದರು. ಸುಧಾಗೆ ಊರಿಗೆ ಹೋಗಿ ಬರುತ್ತೇನೆ ಎಂದಷ್ಟೇ ಹೇಳಿ ಬೆಳಗಿನ ಬಸ್ಸಿಗೆ ಹೊರಟೆ. ಅವ್ವ ಮನೆಯ ಮುಂದೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. “ಅಣ್ಣ ಎಲ್ಲವ್ವಾ?” ಎಂದೆ. “ವಲ್ದಗವ್ನೆ. ಊಟ ಮಾಡ್ಕಂಡು ಓಗು” ಎಂದಳು. ಆಮೇಲೆ ಮಾಡುತ್ತೇನೆ ಎಂದು, ಪ್ಯಾಂಟು ಬಿಚ್ಚಿ ಪಂಚೆ ಸುತ್ತಿಕೊಂಡು ಹೊಲಕ್ಕೆ ಹೋದೆ.

ಅಣ್ಣ ಒಬ್ಬನೇ ಇದ್ದ. ಕುಯ್ದು ಹಾಕಿದ ರಾಗಿಯನ್ನು ಕಂತೆ ಕಟ್ಟುತ್ತಿದ್ದ. ನನ್ನನ್ನು ನೋಡಿ, “ಯಾವಾಗ್ ಬಂದೆ ಚೀನಾದಿಂದ?” ಎಂದ, ಪಕ್ಕದ ಊರಿನಿಂದ ಬಂದವನನ್ನು ಕೇಳುವ ಹಾಗೆ. ನಾನೂ ಬಗ್ಗಿ ಕಂತೆ ಕಟ್ಟತೊಡಗಿದೆ. ಅಭ್ಯಾಸ ತಪ್ಪಿತ್ತು, ನಾನು ಕಟ್ಟಿದ ಮೊದಲ ಮೂರು ಕಂತೆಗಳನ್ನು ಅವನು ಮಾತಿಲ್ಲದೆ ಬಿಚ್ಚಿ ಮತ್ತೆ ಕಟ್ಟಿದ. ಒಂದು ಗಂಟೆ ಕಳೆದಿರಬೇಕು. ಅವನ ಬೆನ್ನು ನನ್ನ ಕಡೆ ಇದ್ದಾಗ ಕೇಳಿದೆ.

“ಅಣ್ಣಾ, ಒಂದ್ ಮಾತ್ ಕೇಳ್ಲಾ?”

“ಕೇಳು.”

“ಸುಧಾನ ನೋಡಾಕ್ ಓಗಿದ್ದು ನಿಂಗೆ ಅಂತ. ಮದ್ವೆ ಆಗಿದ್ದು ನಾನು. ನಿಂಗೆ ನನ್ ಮ್ಯಾಲೆ ಸಿಟ್ಟೈತಾ?”

ಅವನು ತಿರುಗಲಿಲ್ಲ. ಕೈಲಿದ್ದ ಕಂತೆ ಕಟ್ಟಿ ಮುಗಿಸಿ, ಇನ್ನೊಂದು ಕಟ್ಟಿ, ಬದುವಿನ ಮೇಲೆ ಕೂತ. ಚೊಂಬೆತ್ತಿ ನೀರು ಕುಡಿದ.

“ಇತ್ತು” ಎಂದ.

ನಾನು ಕೈಲಿದ್ದ ಕಂತೆ ಕೆಳಗಿಟ್ಟೆ.

“ಆ ಇಚಾರಕ್ಕಲ್ಲ ಕಣ್ಲಾ. ಅವ್ರಪ್ಪ ಯೋಳಿದ್ದು ಸರ್ಯಾಗೇ ಇತ್ತು. ನಂಗೊಂದ್ ಮಗ್ಳಿದ್ರೆ ನಾನೂ ಅಂಗೇ ಅಂತಿದ್ದೆ. ನೀನ್ ಆಮ್ಯಾಕೆ ಏನ್ ಮಾಡ್ದೆ? ಬತ್ತೀಯ, ಅವ್ವಂಗೆ ಔಸ್ದಿ ಕೊಡ್ತೀಯ, ಸಂಜೆ ಬಸ್ಗೆ ಓಯ್ತೀಯ. ಅವ್ಳನ್ನ ಕರ್ಕಂಡ್ ಬಂದ್ರೆ ನಾನ್ ವಲದಿಂದ ಬರಾ ಒತ್ಗೆ ನೀವ್ ಒಂಟೋಗಿರ್ತೀರಿ. ಒಂಬತ್ ವರ್ಸದಲ್ಲಿ ಒಂದಿನ ನಮ್ ಮನೇಲಿ ಮನೀಕಂಡಿದ್ದೀಯಾ? ಎಂಡ್ತಿ ಇಲ್ಲ ಅಂತ ಇದ್ದೆ. ತಮ್ಮನೂ ಇಲ್ದಂಗ್ ಮಾಡ್ಬುಟ್ಟೆ.”

ನಾನು ಅವನ ಕಣ್ಣಿಗೆ ಬೀಳದಿದ್ದರೆ ಅವನಿಗೆ ನೋವು ಕಡಿಮೆ ಎಂದುಕೊಂಡಿದ್ದೆ. ಬಸ್ಸಿನ ಟೈಮು ನೋಡಿಕೊಂಡೇ ಬರುತ್ತಿದ್ದೆ. ಅದನ್ನು ಅವನಿಗೆ ಹೇಳಲು ಹೋದೆ. ಅವನು ಕಾಯಲಿಲ್ಲ. “ಆ ಕಡೆಯಿಂದ ಕಟ್ಕಂಡ್ ಬಾ, ಮೋಡ ಆಗ್ತೈತೆ” ಎಂದು ಎದ್ದ. ಕತ್ತಲಾಗುವುದರೊಳಗೆ ಅಷ್ಟನ್ನೂ ಕಟ್ಟಿ ಮೆದೆ ಹಾಕಿದೆವು. ನಾನು ಊರಲ್ಲೇ ಉಳಿದೆ. ಮಾರನೆಯ ಬೆಳಿಗ್ಗೆ ಸುಧಾಗೆ ಫೋನ್ ಮಾಡಿ, ಮಗಳನ್ನು ಕರೆದುಕೊಂಡು ಬಾ ಎಂದೆ. ಏನಾಯಿತು, ಅತ್ತೆ ಹುಷಾರಾಗಿದ್ದಾರಾ ಎಂದು ಗಾಬರಿಯಾದಳು. ಬಂದ ಮೇಲೆ ಎಲ್ಲ ಹೇಳಿದೆ. ಕೇಳಿಸಿಕೊಂಡಳು. ಒಳಗೆ ಹೋಗಿ ಅವ್ವನ ಜೊತೆ ಅಡುಗೆಗೆ ನಿಂತಳು.

ಮಧ್ಯಾಹ್ನ ಅಣ್ಣ, ನಾನು ಒಟ್ಟಿಗೆ ಊಟಕ್ಕೆ ಕೂತೆವು. ಸುಧಾ ಬಡಿಸಿ, ಹೋಗದೆ ಅಲ್ಲೇ ಬಾಗಿಲಿಗೆ ಒರಗಿ ನಿಂತಳು.

“ಭಾವ, ನಾನೊಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ” ಎಂದಳು. “ಅವತ್ತು ಕಾಫಿ ಕೊಡೋಕೆ ಬಂದಾಗ ನಾನು ತಲೆ ಎತ್ತಿ ಯಾರನ್ನೂ ನೋಡಿರ್ಲಿಲ್ಲ. ನಿಮ್ಮನ್ನೂ ಇಲ್ಲ, ಇವ್ರನ್ನೂ ಇಲ್ಲ. ನಮ್ಮಪ್ಪ ಒಳಗೆ ಬಂದು ಚಿಕ್ಕೋನು ಅಂದ್ರು, ನಾನು ಹೂಂ ಅಂದೆ. ದೊಡ್ಡೋನು ಅಂದಿದ್ರೂ ಹೂಂ ಅಂತಿದ್ದೆ. ಈ ಮನೆಗೆ ಬಂದಾಗೆಲ್ಲ ನೀವು ಹೊಲದಲ್ಲೇ ಇರ್ತಿದ್ರಿ. ನಾನು ಬಂದಿದ್ದು ನಿಮಗೆ ಇಷ್ಟ ಇಲ್ಲ ಅಂದ್ಕೊಂಡಿದ್ದೆ. ನೀವಿಬ್ರೂ ನನ್ನಿಂದ ಹಿಂಗಿದ್ದೀರಿ ಅಂತ ಇವತ್ತು ಗೊತ್ತಾಯ್ತು. ನನ್ನ ಒಂದ್ಸಲಾನೂ ಯಾರೂ ಕೇಳ್ಲಿಲ್ಲ.”

ಅಣ್ಣ ತಟ್ಟೆ ನೋಡುತ್ತಿದ್ದ. ಅವಳನ್ನು ಕೇಳಬೇಕು ಎಂದು ಚೀನಾದ ಆ ಮುದುಕರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಅಣ್ಣ ಕೊನೆಗೆ ತಟ್ಟೆಯನ್ನು ಅವಳ ಕಡೆ ಸ್ವಲ್ಪ ಸರಿಸಿದ.

“ನಾನೇ ಬಂದ್ ನಿನ್ನ ಮಾತಾಡ್ಸ್‌ಬೇಕಿತ್ತು ಕಣವ್ವ. ತಪ್ಪು ನಂದೂ ಐತೆ” ಎಂದ. ಆಮೇಲೆ, “ಇನ್ನೊಂದ್ ಮುದ್ದೆ ಇಕ್ಕು” ಎಂದ.

ಅಣ್ಣನಿಗೆ ಈಗ ನಲವತ್ತೈದು. ಹೆಣ್ಣು ಸಿಗಲಿಲ್ಲ. ಹೋದ ವರ್ಷ, ಇನ್ನು ಹುಡುಕಬೇಡಿ ಎಂದು ಅವನೇ ಅವ್ವನಿಗೆ ಹೇಳಿಬಿಟ್ಟ. ಅದು ಅವನಿಗೆ ಸುಲಭವಾಗಿರಲಿಲ್ಲ. ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ ಎಂದು ಅವ್ವ ಹೇಳಿದಳು. ತಿಂಗಳಿಗೆ ಒಂದು ಸಲ ಹಾಸನಕ್ಕೆ ಬರುತ್ತಾನೆ, ಎರಡು ದಿನ ಇರುತ್ತಾನೆ. ಮಗಳನ್ನು ಸ್ಕೂಲಿಂದ ಕರೆತರುವಾಗ ದಾರಿಯಲ್ಲಿ ಅವಳು ಕೇಳಿದ್ದೆಲ್ಲ ಕೊಡಿಸಿ ಅವಳ ಊಟ ಕೆಡಿಸುತ್ತಾನೆ ಎಂದು ಸುಧಾ ರೇಗುತ್ತಾಳೆ. ಮಕ್ಕಳನ್ನ ಹೆದರಿಸಿ ಸಾಕಬಾರದು ಎಂದು ಅವನೂ ರೇಗುತ್ತಾನೆ. ಹೋದ ಭಾನುವಾರವಂತೂ ಇಬ್ಬರ ದನಿಯೂ ಪಕ್ಕದ ಮನೆಗೆ ಕೇಳುವಷ್ಟು ಏರಿತ್ತು. ನಾನು ಪೇಪರ್ ಓದುತ್ತಾ ಕೂತಿದ್ದೆ, ನಡುವೆ ಬಾಯಿ ಹಾಕಲಿಲ್ಲ.